ಒಂಬತ್ತು ಹಸಿರು ಸಾಲು

ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಕಬ್ಬು ಕಡಿಯುವಾಗ ಹೋಯಿತಂತೆ. ಆ ಮೊಂಡು ಬೆರಳೊಂದರಲ್ಲೇ ಕುಟ್ಟಿ ಕುಟ್ಟಿ, ಕೃಷ್ಣರಾಜಪೇಟೆಯ ನಮ್ಮ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಸಾಕಿದ್ದರು ನಮ್ಮ ಸಿಸ್ಟಮ್ ಮೇಷ್ಟ್ರು. ಅವರ ಕೈಕೆಳಗೆ ಕೆಲಸಕ್ಕೆ ಸೇರಿದ, ಹತ್ತು ಬೆರಳಿನ ನಾನು ಅವರ ಮುಂದೆ ಏನೇನೂ ಅಲ್ಲ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಯಂತ್ರಗಳಿಗೆ ಊರಿನ ಹೆಸರಿಟ್ಟಿದ್ದೂ ಅವರೇ. ಮೂರನೇ ಮಹಡಿಯದು ಮೇಲುಕೋಟೆ, ಸದಾ ಗಿಜಿಗುಡುವ ಚೀಟಿ ಕೌಂಟರಿನದು ಬೆಳ್ಳೂರು. ಹೀಗೆ ಒಂಬತ್ತು. ಒಂದೇ ಕಡೆ ಕೂತು ಒಂಬತ್ತಕ್ಕೂ ಒಟ್ಟಿಗೆ ಕೆಲಸ ಹೇಳುವ ತಂತ್ರಾಂಶವೊಂದನ್ನು ನಾನು ಕೆಳಗಿನ ಮುಖ್ಯ ಸರ್ವರಿಗೆ ಹಾಕಿದೆ. ಹೊಸ ಹುರುಪು ನೋಡಿ! ಇದ್ದೀರಾ ಎಂದು ಕೇಳಿದರೆ ಒಂಬತ್ತು ಹೆಸರೂ ಹಸಿರು ಅಕ್ಷರದಲ್ಲಿ ಓಗೊಟ್ಟವು. ಮುಂದಿನ ಕೆಲಸ, ಆ ಒಂಬತ್ತರಲ್ಲೂ ಜಾಗ ತುಂಬಿದ್ದ ಸ್ಕ್ಯಾನ್ ನಕಲುಗಳ ಫೋಲ್ಡರನ್ನು ಅಳಿಸುವುದು. ಅದೇ ಹೆಸರಿನ ಫೋಲ್ಡರು ಸರ್ವರಿನಲ್ಲೂ ಇತ್ತು. ರೋಗಿಗಳ ಅಸಲು ದಾಖಲೆಯೆಲ್ಲ ಇದ್ದದ್ದು ಅದರಲ್ಲೇ.

“ಒತ್ಬುಡ್ಲಾ ಮೇಷ್ಟ್ರೇ?” ಎಂದೆ.

“ತಡಿ ಕಣ್ಲಾ. ಓಗೊಟ್ಟೋರು ಯಾರು ಅಂತ ನೋಡ್ದಾ? ಮೊದ್ಲು ಮೇಲುಕೋಟೆಗೆ ಒಂದು ಖಾಲಿ ಫೈಲು ಕಳ್ಸು. ನಾನೋಗಿ ನೋಡ್ಕಂಡ್ ಬತ್ತೀನಿ.”

ಕಳಿಸಿದೆ. ತಲುಪಿತು ಎಂದು ಪರದೆಯಲ್ಲಿ ಹಸಿರು ಸಾಲು ಬಂತು. ಮಂಡಿನೋವಿನ ಮನುಷ್ಯ ಮೂರು ಮಹಡಿ ಹತ್ತಿದರು. ಫೋನ್ ಮಾಡಿ ಕೇಳೋಣ ಅಂದರೆ ಒಪ್ಪುವ ಪೈಕಿಯೇ ಅಲ್ಲ. ಏದುಸಿರು ಬಿಡುತ್ತಾ ಇಳಿದು ಬಂದು, “ಅಲ್ಲೇನೂ ಬಂದಿಲ್ಲ ಕಣ್ಲಾ” ಅಂದರು.

ಫೈಲು ಸರ್ವರಿನಲ್ಲೇ ಕೂತಿತ್ತು. ಮನೆಯಲ್ಲಿ ಒಂದೇ ಲ್ಯಾಪ್‌ಟಾಪಿನಲ್ಲಿ ಅಭ್ಯಾಸ ಮಾಡುವಾಗ, ಒಂಬತ್ತೂ ಹೆಸರಿನ ಮುಂದೆ ‘ಇದೇ ಯಂತ್ರ’ ಎಂದು ಬರೆದುಕೊಂಡಿದ್ದೆ. ಆ ಪಟ್ಟಿಯನ್ನೇ ಹಾಗೇ ತಂದು ಸರ್ವರಿಗೆ ಹಾಕಿದ್ದೆ; ಅಲ್ಲಿ ‘ಇದೇ ಯಂತ್ರ’ ಅಂದರೆ ಸರ್ವರೇ ಆಯಿತು. ಒಂಬತ್ತು ಸಲವೂ ಓಗೊಟ್ಟಿದ್ದು ಸರ್ವರೇ! ಒತ್ತಿದ್ದರೆ ಅಸಲು ದಾಖಲೆಯೇ ಅಳಿಸಿಹೋಗುತ್ತಿತ್ತು. ನನ್ನ ಕೆಲಸವಂತೂ ಬಿಡಿ.

“ಬುಡ್ಲಾ, ಪಟ್ಟಿ ಸರಿ ಮಾಡು” ಅಂದರು, ಅಷ್ಟೇ. ಆಮೇಲೆ ಒಂಬತ್ತಕ್ಕೂ ಖಾಲಿ ಫೈಲು ಕಳಿಸಿದೆ. ಮೇಲೆ ಕೆಳಗೆ ಒಂಬತ್ತು ಕಡೆಗೂ ಅವರೇ ನಡೆದು, ಕಣ್ಣಾರೆ ಕಂಡು ಬಂದ ಮೇಲೆ “ಈಗ ಒತ್ತು” ಅಂದರು. ಅಬ್ಬಾ, ಎಂಥ ಮನುಷ್ಯ! ಯಾರ ಮುಂದೆಯೂ ಇದರ ಸೊಲ್ಲೆತ್ತಲಿಲ್ಲ.

ಹೋದ ವರ್ಷ ತೀರಿಕೊಂಡರು. ತಿಥಿಯ ದಿನ ಅವರ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡು, “ನಿಮ್ಗೆ ಗೊತ್ತಿರ್ತದೆ ಅಕ್ಕ” ಎಂದೆ.

“ಇಲ್ಲ ಕಣಪ್ಪ” ಅಂದರು. “ಒಂದಿನ ಮಂಡಿ ಊದುಸ್ಕಂಡ್ ಬಂದಿದ್ರು. ಯಾಕೆ ಅಂದ್ರೆ, ನಮ್ ಹೈದ ಒಸ ಕೆಲ್ಸ ಮಾಡವ್ನೆ, ಒಂಬತ್ತ್ ಕಡೇಲೂ ನೋಡ್ಕಂಡ್ ಬಂದೆ ಅಂದ್ರು.”