ಬೋನಿಗೆ ದಿನಾ ಕೋಟು ತೊಡಿಸುವ ಡಾರ್ಕಸ್

ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಹಾಲಿನವಳ ಕೂಗು ಇನ್ನೂ ಕೇಳಿಲ್ಲ. ವ್ಯಂಗ್ಯಚಿತ್ರ ಮಾರುವ ಅಂಗಡಿಯ ಅಟ್ಟದಲ್ಲಿ ಡಾರ್ಕಸ್ ಪಿಮ್ ಆಗಲೇ ಕಿಟಕಿ ಪಕ್ಕದ ಜಾಗ ಹಿಡಿದು ಕೂತಿದ್ದಾರೆ. ಮುಂದೆ ಕಪ್ಪೆಚಿಪ್ಪಿನಲ್ಲಿ ಕಲಸಿದ ನೀಲಿ ಬಣ್ಣ. ಕಪ್ಪು ಗೆರೆಯಲ್ಲಿ ಅಚ್ಚಾದ ಹಾಳೆ ಬರುತ್ತದೆ: ದೊರೆಗಳೆಲ್ಲ ಸೇರಿ ಯುರೋಪಿನ ನಕ್ಷೆಯನ್ನು ಕಂಬಳಿಯಂತೆ ಎಳೆದಾಡುತ್ತಿದ್ದಾರೆ, ಮೂಲೆಯಲ್ಲಿ ಫ್ರೆಂಚರ ದೊರೆಯಾಗಿದ್ದ ಮೊಣಕಾಲುದ್ದದ ಬೋನಾಪಾರ್ಟೆ, ನಮ್ಮೂರ ಬಾಯಲ್ಲಿ ಬೋನಿ, ಚಳಿಗೆ ನಡುಗುತ್ತಿದ್ದಾನೆ. ಡಾರ್ಕಸ್ ಅವನ ಕೋಟಿಗೆ ನೀಲಿ ತುಂಬಿ ಹಾಳೆಯನ್ನು ದಾಟಿಸುತ್ತಾರೆ. ಪಕ್ಕದ ಟ್ಯಾಬಿಯದು ಕೆಂಪು, ಅವಳಾಚೆ ಕೂತವಳದು ಹಳದಿ. ಒಬ್ಬರ ಬಣ್ಣವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ಅಂಗಡಿಯ ಗಾಜಿಗೆ ಮೂಗೊತ್ತಿ ನಗುವ ಜನಕ್ಕೆ ಚಿತ್ರ ಬರೆದವನ ಹೆಸರು ಗೊತ್ತು. ಬಣ್ಣ ಹಚ್ಚಿದವರನ್ನು ಕೇಳುವವರಿಲ್ಲ. ನನಗೆ ಇದು ಸಿಟ್ಟು ತರಿಸುತ್ತದೆ, ಡಾರ್ಕಸ್‌ಗೆ ಇಲ್ಲ.

“ನಮ್ ಹೆಸ್ರು ಕಟ್ಕೊಂಡು ಅವ್ರಿಗೇನಾಗ್ಬೇಕು? ನಕ್ಕೊಂಡ್ ಹೋದ್ರೆ ಸಾಕು.”

ಆದರೆ ಡಾರ್ಕಸ್ ಪಾಲಿಗೆ ಬೋನಿ ನಗೆಯ ಮಾತಲ್ಲ. ಗಂಡ ಎನಾಕ್ ಕಲ್ಲಿದ್ದಲು ಹಡಗಿನ ನಾವಿಕರು. ಯುದ್ಧ ಮತ್ತೆ ಶುರುವಾದ ವರ್ಷವೇ ಫ್ರೆಂಚರ ಕೈಗೆ ಸಿಕ್ಕಿ ಅಲ್ಲಿನ ಕೋಟೆಯೊಂದರಲ್ಲಿ ಸೆರೆಯಾದರು. ಬದುಕಿದ್ದಾರೋ ಇಲ್ಲವೋ ಎನ್ನುವುದೂ ತಿಳಿಯದೆ ಹತ್ತು ವರ್ಷ ಕಳೆಯಿತು. ಇನ್ನೊಂದು ಮದುವೆಯಾಗು ಎಂದು ನೆರೆಯವರು ತಲೆ ತಿಂದರು. ಡಾರ್ಕಸ್ ಮಾತ್ರ ಗಂಡನನ್ನು ಕೂಡಿಹಾಕಿದವನಿಗೇ ಕೋಟು ತೊಡಿಸುತ್ತ ಕೂತರು. ಹೇಗೆ ತಡೆದುಕೊಂಡಿರಿ ಎಂದೆ.

“ನಮ್ ದೇಶಾನ ಜಾನ್ ಬುಲ್ ಅಂತ ಆಳು ಮಾಡಿ ಬರೀತಾರಲ್ಲ, ಅವ್ನು ದಢೂತಿ. ಅವ್ನ ಕೋಟಿಗೆ ಕುಂಚ ಮೂರ್ಸಲ ಅದ್ಬೇಕು. ಬೋನೀದು ಒಂದೇ ಸಲಕ್ಕೆ ಮುಗಿದ್ಹೋಗತ್ತೆ. ಇಷ್ಟುದ್ದದ ಪೋರ, ನಮ್ಮ ಎನಾಕನ್ನ ಎಷ್ಟ್ ದಿನ ಹಿಡ್ಕೊಂಡಿರ್ತಾನೆ ಅನ್ಕೋತಿದ್ದೆ.”

ತಮಾಷೆಗೆ ಹೇಳಿದ ಮಾತಲ್ಲ ಇದು. ಚಿತ್ರ ಬರೆಯುವವರು ಬೋನಿಯನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತ ಬಂದರು. ಡಾರ್ಕಸ್ ಅದನ್ನು ಸುದ್ದಿಯೆಂದೇ ನಂಬಿಕೊಂಡರು.

ಈ ವಸಂತದಲ್ಲಿ ಬೋನಿ ಪಟ್ಟದಿಂದಿಳಿದ. ಸೆರೆಯಾಳುಗಳ ಹಡಗು ಬಂತು. ಹೋದ ವಾರ ಎನಾಕ್ ಮನೆ ಬಾಗಿಲಲ್ಲಿ ನಿಂತಿದ್ದರು. ಹಲ್ಲು ಉದುರಿವೆ, ಕೈಕಾಲು ನೆಟ್ಟಗಿವೆ. ಕೇಳಿ ನನ್ನ ಎದೆಯೂ ಹಗುರಾಯಿತು. ಮರುದಿನವೇ ಗಂಡ ಹೆಂಡಿರ ಮೊದಲ ಜಗಳ, ಅದೂ ಬೋನಿಯ ಎತ್ತರದ ಮೇಲೆ.

“ಕಣ್ಣಾರೆ ನೋಡಿದೀನಿ ಕಣೆ. ಕೋಟೆ ಬಾಗ್ಲಲ್ಲಿ ಕುದ್ರೆಯಿಂದ ಇಳಿದ. ನನ್ನಷ್ಟೇ ಎತ್ತರ” ಎಂದರಂತೆ ಎನಾಕ್.

“ನೀನ್ ನೋಡಿದ್ದು ಒಂದ್ಸಲ. ನಾನ್ ದಿನಾ ನೋಡ್ತೀನಿ” ಎಂದರಂತೆ ಡಾರ್ಕಸ್.

ಮೇಜಿನ ಸುತ್ತ ಎಲ್ಲರೂ ನಗುತ್ತಾರೆ. “ಭಾವನ್ನ ಇಲ್ಲಿಗೇ ಕರ್ಕೊಂಡ್ ಬಾ ಅಕ್ಕಾ, ಹಾಳೆ ಪಕ್ಕ ನಿಲ್ಸಿ ಅಳತೆ ನೋಡಣ” ಎಂದು ಟ್ಯಾಬಿ ಛೇಡಿಸುತ್ತಾಳೆ.

ಡಾರ್ಕಸ್ ನಗುವುದಿಲ್ಲ. ಕುಂಚವನ್ನು ಕೆಳಗಿಡುತ್ತಾರೆ.

“ಆಮೇಲೆ ಎನಾಕನ ಪಕ್ಕ ಹೋಗಿ ನಿಂತ್ಕೊಂಡೆ. ನನ್ ತಲೆ ಅವನ ಭುಜಕ್ಕೆ ಬಂತು. ಬೋನಿ, ಇಷ್ಟೆತ್ರದ ಆಳು, ಅಷ್ಟೊಂದು ದೊರೆಗಳನ್ನ ಮಣ್ಣು ಮುಕ್ಸಿದೋನು, ನನ್ ಗಂಡನ್ನ ಹಿಡಿದಿಟ್ಟಿದ್ದ ಅಂತ ಆಗ್ಲೇ ತಿಳಿದಿದ್ದು. ಅಲ್ಲೇ ಕೂತ್ಬಿಟ್ಟೆ. ಮುಂಚೇನೇ ಗೊತ್ತಿದ್ದಿದ್ರೆ ನಾನು ಕಾಯ್ತಾನೇ ಇರ್ಲಿಲ್ಲ. ಸದ್ಯ, ಗೊತ್ತಾಗ್ಲಿಲ್ಲ.”