ನೆಗೆಣ್ಣಿ ಹುಲ್ಲಿನ ಅಡಿಟಿಪ್ಪಣಿ

ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಕೊನೆಯ ಸೆಮಿಸ್ಟರಿಗೆ ಒಂದು ಪಾಠ ಮಾಡುತ್ತೇನೆ: ಸಂಶೋಧನಾ ಪ್ರಬಂಧದಲ್ಲಿ ಆಧಾರ ಕೊಡುವುದು ಹೇಗೆ. ಮಾತು ಯಾರದು, ಎಲ್ಲಿ ಓದಿದ್ದು, ಯಾರಿಂದ ಕೇಳಿದ್ದು, ಪುಟ ಎಷ್ಟು. ಮಕ್ಕಳು ಆಕಳಿಸುತ್ತಾರೆ. ಪಾಠ ಶುರುವಾದ ಐದು ನಿಮಿಷಕ್ಕೆ ನನಗೆ ಮಾತ್ರ ಮೈ ಉರಿಯುತ್ತದೆ. ಯಾಕೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನನ್ನ ಪಿಎಚ್.ಡಿ. ವಿಷಯ ಖಾನಾಪುರ ಸೀಮೆಯ ಭತ್ತದ ಗದ್ದೆಯ ಮಾತುಗಳು. ಬೀಜಕ್ಕೆ, ಕಳೆಗೆ, ಮಣ್ಣಿಗೆ ಅಲ್ಲಿಯ ಜನ ಕನ್ನಡದಲ್ಲಿ ಏನೆನ್ನುತ್ತಾರೆ, ಮರಾಠಿಯಲ್ಲಿ ಏನೆನ್ನುತ್ತಾರೆ ಎಂಬುದು. ಅದರಲ್ಲಿ ಅರ್ಧ ಹೇಳಿಕೊಟ್ಟವಳು ನನ್ನ ತಾಯಿಯ ತಾಯಿ. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಶಾಲೆಯ ಮುಖ ಕಂಡವಳಲ್ಲ, ಗದ್ದೆಯಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಭತ್ತದಂತೆಯೇ ಬೆಳೆದು, ತೆನೆ ಬಿಡುವ ತನಕ ಗುರುತು ಸಿಗದ ಒಂದು ಕಳೆಯಿದೆ. ಅದಕ್ಕೇನು ಹೆಸರು ಎಂದು ಕೇಳಿದೆ.

"ನೆಗೆಣ್ಣಿ ಹುಲ್ಲ," ಎಂದಳು. "ಬಾಜುಕ ನಿಂತು ನಮ್ಮಾಕಿ ಹಂಗ ಕಾಣ್ತೈತಿ. ತಿನ್ನೂದೆಲ್ಲಾ ನಮ್ಮ ಗೊಬ್ಬರಾನ."

ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಒಳಗೇ ಇದ್ದಳು. "ನನಗ ಕೇಳಸ್ತೈತಿ ನೋಡ ಅಕ್ಕಾ!" ಎಂದು ಅಲ್ಲಿಂದಲೇ ಕೂಗಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಊರೆಲ್ಲ ವಿಚಾರಿಸಿದೆ, ಆ ಹೆಸರು ಬೇರಾರಿಗೂ ಗೊತ್ತಿರಲಿಲ್ಲ. ಅದನ್ನೇ ಅಡಿಟಿಪ್ಪಣಿಯಲ್ಲಿ ಬರೆದೆ: ಈ ಹೆಸರು ಒಂದೇ ಮನೆಯದು, ತಮಾಷೆಗೆ ಇಟ್ಟದ್ದು, ಇಟ್ಟವಳು ಇಂಥವಳು. ಆಯಿಯ ಪೂರ್ತಿ ಹೆಸರು, ಊರು ಹಾಕಿದೆ. ಓದಿ ಹೇಳಿದಾಗ, "ನನ್ನ ಹೆಸರು ಬುಕ್ಕಿನಾಗ ಬರ್ತೈತಿ? ಖರೇನ?" ಎಂದು ಎರಡು ಸಲ ಕೇಳಿದಳು.

ಆ ಅಧ್ಯಾಯವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಸದಾಶಿವನಗರದಲ್ಲಿದ್ದ ನನ್ನ ಮಾರ್ಗದರ್ಶಕರ ಮನೆಗೆ ಹೋಗಿ ಕೊಟ್ಟು ಬಂದೆ. ತಿಂಗಳುಗಟ್ಟಲೆ "ನೋಡೂಣು ಬಿಡವಾ" ಎಂದರು. ಕೊನೆಗೆ ಪ್ರಬಂಧ ಸಲ್ಲಿಸುವಾಗ ಕೃತಿಚೌರ್ಯ ಹಿಡಿಯುವ ಕಂಪ್ಯೂಟರು ನನ್ನನ್ನೇ ಕಳ್ಳಿ ಎಂದಿತು. ನಾನು ಕದ್ದದ್ದು ಯಾರಿಂದ? ಅದೇ ಮಾರ್ಗದರ್ಶಕರು ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ ಲೇಖನದಿಂದ! ನನ್ನ ವಾಕ್ಯ, ನನ್ನ ಅಲ್ಪವಿರಾಮ, ಎಲ್ಲ ಇದ್ದವು. ಅಡಿಟಿಪ್ಪಣಿ ಮಾತ್ರ ಇರಲಿಲ್ಲ. ಒಂದು ಮನೆಯ ಕುಚೋದ್ಯ ಇಡೀ ತಾಲ್ಲೂಕಿನ ಪರಂಪರೆಯಾಗಿತ್ತು. ಅವಿಭಕ್ತ ಕುಟುಂಬದ ಹೆಂಗಸರ ಅಂತರಂಗ ಅಂತೆಲ್ಲ ಅರ್ಧ ಪುಟ ವ್ಯಾಖ್ಯಾನ ಬೇರೆ. ಎಂಥ ನಾಚಿಕೆಗೇಡು!

ನೇರ ಅವರ ಮನೆಗೆ ಹೋದೆ. "ಸರ್, ಇದು ನನ್ನ ಅಧ್ಯಾಯ ಅಲ್ರಿ?"

"ಸಿಟ್ಟಾಗಬ್ಯಾಡ ತಂಗಿ, ಕುಂದರು," ಎಂದು ಬಿಸ್ಕೀಟನ್ನು ಚಹಾದಲ್ಲಿ ಅದ್ದಿದರು. "ನಾ ಬರದ್ರೇನು, ನೀ ಬರದ್ರೇನು, ಎಲ್ಲಾ ಒಂದ ಅಲ್ಲೇನು? ನನ್ನ ಲೇಖನಾನ ಆಧಾರ ಅಂತ ಹಾಕು. ಮಷೀನು ಸುಮ್ಮನಾಕ್ಕೈತಿ."

"ನಮ್ಮ ಆಯಿ ಹೆಸರು?"

"ಸಾಲಿ ಕಲೀದ ಮುದುಕಿ ಆಧಾರ ಹೆಂಗಾಕ್ಕಾಳ? ಪುಟಾ ಎಷ್ಟಂತ ಹಾಕ್ತಿ?"

ಆ ಚಹಾದ ಕಪ್ಪನ್ನು ಗೋಡೆಗೆ ಬೀಸಿ ಒಗೆಯಬೇಕಿತ್ತು. ಒಗೆಯಲಿಲ್ಲ. ಅವರ ಸಹಿಯಿಲ್ಲದೆ ಪದವಿಯಿಲ್ಲ, ಪದವಿಯಿಲ್ಲದೆ ನೌಕರಿ ಕಾಯಂ ಆಗುವುದಿಲ್ಲ. ತಲೆ ತಗ್ಗಿಸಿ ಖಾಸಬಾಗದ ಡಿಟಿಪಿ ಅಂಗಡಿಗೆ ಹೋಗಿ ಟಿಪ್ಪಣಿ ತಿದ್ದಿಸಿದೆ. ಟೈಪು ಮಾಡುತ್ತಿದ್ದವರು ಕೈ ನಿಲ್ಲಿಸಿ, "ಇಲ್ಲಿ ಮೊದಲ ನಿಮ್ಮ ಆಯಿ ಹೆಸರಿತ್ತಲ್ರಿ ಮೇಡಂ?" ಎಂದು ಕೇಳಿದರು. ಅವರಿಗಿದ್ದ ಎಚ್ಚರ ಆ ಪ್ರಾಧ್ಯಾಪಕನಿಗಿರಲಿಲ್ಲ. ನನಗೂ ಇರಲಿಲ್ಲ.

ಪ್ರಬಂಧ ಬೈಂಡಾಗಿ ಬಂದ ಮೇಲೆ ಖಾನಾಪುರಕ್ಕೆ ಒಯ್ದೆ. ಆಯಿ ಕೈ ತೊಳೆದುಕೊಂಡು ಬಂದು ತೊಡೆಯ ಮೇಲಿಟ್ಟುಕೊಂಡಳು. "ನನ್ನ ಹೆಸರು ಎಲ್ಲೈತಿ, ತೋರ್ಸು," ಎಂದಳು. ನಾನು ಪುಟ ತೆರೆದು ಮಾರ್ಗದರ್ಶಕರ ಹೆಸರಿನ ಮೇಲೆ ಬೆರಳಿಟ್ಟೆ. ಅವಳು ಅದನ್ನು ಮೆಲ್ಲಗೆ ಸವರಿ, ನೆಗೆಣ್ಣಿಯನ್ನು ಕರೆದು ತೋರಿಸಿದಳು. ಮರುವರ್ಷ ತೀರಿಕೊಂಡಳು.

ಹೋದ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಬಂಧದ ಕರಡು ತಂದಳು. ಅವಳೂ ಖಾನಾಪುರದವಳೇ. ಕಳೆಗಳ ಪಟ್ಟಿಯಲ್ಲಿ ನೆಗೆಣ್ಣಿ ಹುಲ್ಲು, ಕೆಳಗೆ ಆಧಾರವಾಗಿ ಆ ಮನುಷ್ಯನ ಲೇಖನ. ಕೆಂಪು ಪೆನ್ನಿನಿಂದ ಕಾಗದ ಹರಿಯುವಂತೆ ಗೀಟು ಹಾಕಿ, "ಇದು ಸುಳ್ಳು," ಎಂದೆ.

ಹುಡುಗಿ ಹೆದರಿದಳು. "ನಿಮ್ಮ ಪ್ರಬಂಧದಾಗೂ ಹಂಗ ಐತಲ್ರಿ ಮೇಡಂ. ಅದನ್ನ ನೋಡೇ ಬರದೇನ್ರಿ."

ಇಷ್ಟು ವರ್ಷ ಅವನ ಮೇಲೆ ಹಲ್ಲು ಕಡಿದದ್ದು ಸಾಕಾಗಿತ್ತು. ಅವಳನ್ನು ಎದುರಿಗೆ ಕೂಡಿಸಿಕೊಂಡು ಎಲ್ಲ ಹೇಳಿದೆ. ಆಯಿಯ ಪೂರ್ತಿ ಹೆಸರನ್ನು, ಊರನ್ನು ನಾನೇ ಹೇಳಿ ಬರೆಸಿದೆ. ಹುಡುಗಿ ತಲೆಯೆತ್ತಿ, "ಪುಟಾ ಎಷ್ಟಂತ ಹಾಕ್ಲಿರಿ?" ಎಂದಳು.

"ಅದಕ್ಕ ಪುಟಾ ಇಲ್ಲವಾ. ಕೆಳಗ ಇನ್ನೊಂದು ಸಾಲು ಬರಿ," ಎಂದೆ. ಈ ಹೆಸರಿಗೆ ಸುಳ್ಳು ಆಧಾರ ಕೊಟ್ಟವರಲ್ಲಿ ಇದನ್ನು ಇಟ್ಟವಳ ಮೊಮ್ಮಗಳೂ ಒಬ್ಬಳು ಎಂದು ಬರೆಸಿ, ನನ್ನ ಹೆಸರು, ನನ್ನ ಪ್ರಬಂಧ, ಪುಟ ಸಂಖ್ಯೆ ಹಾಕಿಸಿದೆ.