ಮಾಗ್ನತ್ತೆ ಪಿಸುಗುಟ್ಟಿ ಬೈದ ಬೇಸಿಗೆ

ಉತ್ತರದ ಚಳಿಗಡಲಿನ ಹೆಲ್ಗೆಲಾಂಡ್ ಕರಾವಳಿಯಲ್ಲಿ ನಮ್ಮ ಮಾಗ್ನತ್ತೆಯಷ್ಟು ಸಿಟ್ಟಿನ ಹೆಂಗಸು ಇನ್ನೊಬ್ಬಳಿಲ್ಲ. ಆದರೆ ವರ್ಷದಲ್ಲಿ ಏಳು ವಾರ ಆ ಸಿಟ್ಟು ಮಾರುದೂರದಲ್ಲಿ ನಿಂತವರಿಗೂ ಕೇಳಿಸುವುದಿಲ್ಲ. ಮೇ ತಿಂಗಳ ಮೊದಲ ವಾರ ಕಡಲಬಾತುಗಳು ಸ್ಕಾರ್ವೊಯ್ ದ್ವೀಪದ ದಡ ಹತ್ತಿ ಗೂಡು ಸೇರುತ್ತವೆ. ಅಲ್ಲಿಂದ ಜೂನ್ ಕೊನೆಯ ಸೇಂಟ್ ಜಾನ್ ಹಬ್ಬದವರೆಗೆ ದ್ವೀಪದಲ್ಲಿ ಜೋರಾಗಿ ಮಾತಾಡುವಂತಿಲ್ಲ, ಸುತ್ತಿಗೆ ಎತ್ತುವಂತಿಲ್ಲ, ಓಡುವಂತಿಲ್ಲ, ಬಟ್ಟೆಯನ್ನು ಹೊರಗೆ ಒಣಹಾಕುವಂತಿಲ್ಲ. ತೊಟ್ಟ ಬಟ್ಟೆಯನ್ನು ಬದಲಿಸುವಂತೆಯೂ ಇಲ್ಲ. ಕಾವು ಕೂತ ಹಕ್ಕಿ ಮನುಷ್ಯರ ಮುಖ ನೋಡುವುದಿಲ್ಲ, ಅಂಗಿ ನೋಡುತ್ತದೆ. ಹಾಗಾಗಿ ಅತ್ತೆಗೆ ಏಳು ವಾರವೂ ಅದೇ ಬೂದು ಸ್ವೆಟರು, ಅದೇ ಕಂದು ಲಂಗ. ಜೂನ್ ಕೊನೆಗೆ ಆ ಸ್ವೆಟರು ತಾನಾಗಿಯೇ ಎದ್ದು ನಡೆಯುವ ಹದಕ್ಕೆ ಬಂದಿರುತ್ತದೆ.

ಅಷ್ಟೂ ದಿನ ಅವಳು ಬೈಯುವುದನ್ನೇನೂ ನಿಲ್ಲಿಸುವುದಿಲ್ಲ. ಪಿಸುಗುಟ್ಟಿ ಬೈಯುತ್ತಾಳೆ. ಕೂಗಿ ಬೈದರೆ ಅರ್ಧ ಗಾಳಿಗೆ ಹೋಗುತ್ತದೆ. ಪಿಸುಗುಟ್ಟಿ ಬೈದದ್ದು ಒಂದಕ್ಷರ ಸೋರದೆ ಒಳಗಿಳಿಯುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ.

ಮಾಗ್ನತ್ತೆ ನಮ್ಮಪ್ಪನ ಅಕ್ಕ. ಎಪ್ಪತ್ತೆರಡು ವರ್ಷ. ಅವಳು ಹುಟ್ಟಿದಾಗ ಸ್ಕಾರ್ವೊಯ್‌ನಲ್ಲಿ ಹನ್ನೊಂದು ಮನೆಗಳ ಒಲೆ ಉರಿಯುತ್ತಿತ್ತು. ಹನ್ನೆರಡು ತುಂಬುವ ಹೊತ್ತಿಗೆ ಶಾಲೆ ಮುಚ್ಚಿತು. ದೊಡ್ಡೂರಿಗೆ ಹೋಗಿ ನೆಲೆಸುವವರಿಗೆ ಸರ್ಕಾರ ಸಹಾಯ ಕೊಡುತ್ತದೆ ಎಂದು ಒಂದೊಂದೇ ಮನೆ ಬೀಗ ಹಾಕಿತು. "ನಮ್ಮನ್ನ ಯಾರೂ ಓಡಿಸ್ಲಿಲ್ಲ," ಎನ್ನುತ್ತಾಳೆ ಅತ್ತೆ. "ಬರೋ ದೋಣೀನ ನಿಲ್ಲಿಸಿದ್ರು, ಅಷ್ಟೆ." ಆಮೇಲೆ ಮೂವತ್ತೊಂದು ವರ್ಷ ದೊಡ್ಡೂರಿನ ಮೀನು ಕಾರ್ಖಾನೆಯಲ್ಲಿ ಮುಳ್ಳು ತೆಗೆಯುವ ಕೆಲಸ ಮಾಡಿದಳು. ಪ್ರತಿ ಮೇ ತಿಂಗಳೂ ಚಾಕು ಒರೆಸಿಟ್ಟು ದ್ವೀಪಕ್ಕೆ ಹೊರಟುಬಿಡುತ್ತಿದ್ದಳು. ಪ್ರತಿ ವರ್ಷವೂ ಮೇಲ್ವಿಚಾರಕ, "ಈ ಸಲ ಹೋದ್ರೆ ವಾಪಸ್ ಬರಬೇಡ," ಎನ್ನುತ್ತಿದ್ದ. ಅವಳು, "ಬಾತುಗಳಿಗೂ ಹಾಗೇ ಹೇಳಿ ನೋಡಿ, ಕೇಳ್ತಾವೇನೋ," ಎಂದು ಬಾಗಿಲು ದಾಟುತ್ತಿದ್ದಳು. ಜೂನ್ ಕೊನೆಗೆ ಬಂದು ಅದೇ ಚಾಕು ಹಿಡಿಯುತ್ತಿದ್ದಳು. ಅವಳ ಕೈ ಮೀನಿನ ಮೇಲೆ ಓಡುವುದನ್ನು ಕಂಡವರಾರೂ ಅವಳನ್ನು ಕೆಲಸದಿಂದ ತೆಗೆಯುತ್ತಿರಲಿಲ್ಲ.

ಮದುವೆ ಆಗಲಿಲ್ಲ. ಆಗುವುದರಲ್ಲಿತ್ತು. ಓಡ್ವಾರ್ ಎಂಬಾತ ಒಂದು ಮೇ ಭಾನುವಾರ ಕೈಯಲ್ಲಿ ಕೇಕು ಹಿಡಿದು, ಹೊಸ ಹಳದಿ ಮಳೆಕೋಟು ತೊಟ್ಟು ದೋಣಿಯಲ್ಲಿ ಬಂದ. ಅವನ ಎರಡನೇ ಕಾಲು ದಡಕ್ಕೆ ತಾಗುವ ಮೊದಲೇ ಹದಿನಾಲ್ಕು ಬಾತುಗಳು ಗೂಡು ಬಿಟ್ಟು ಹಾರಿದವು. ಅತ್ತೆ ಅವನ ಮೂಗಿಗೆ ಒಂದು ಗೇಣು ದೂರ ನಿಂತು ಏನೋ ಪಿಸುಗುಟ್ಟಿದಳಂತೆ. ಓಡ್ವಾರ್ ಕೇಕಿನ ಸಮೇತ ವಾಪಸಾದ. ಇವತ್ತಿಗೂ ಅವನ ಮಾತು ಬಂದರೆ ಅತ್ತೆ, "ಒಳ್ಳೆಯವನೇ, ಆದ್ರೆ ಹಳದಿ," ಎಂದು ಮುಗಿಸಿಬಿಡುತ್ತಾಳೆ.

ಈ ಬಾತುಗಳು ಸಾಕಿದವಲ್ಲ, ಕಾಡಿನವೂ ಅಲ್ಲ. ಮನುಷ್ಯ ಮನೆ ಕಟ್ಟಿಕೊಟ್ಟರೆ ಬಂದು ಮೊಟ್ಟೆ ಇಡುತ್ತವೆ. ಕಾವು ಮುಗಿಸಿ ಹೋಗುವಾಗ ಗೂಡಿನಲ್ಲಿ ತಮ್ಮೆದೆಯ ತುಪ್ಪುಳು ಬಿಟ್ಟುಹೋಗುತ್ತವೆ. ಒಂದು ರಜಾಯಿ ತುಂಬಲು ಅರವತ್ತು ಗೂಡಿನ ತುಪ್ಪುಳು ಬೇಕು. ಅತ್ತೆ ಮಾರ್ಚ್‌ನಲ್ಲಿ ಕಡಲಪಾಚಿ ಬಾಚಿ ತಂದು, ಬಂಡೆಗಳ ಮೇಲೆ ಹರವಿ, ತಿರುವಿ, ಕೊಡವಿ ಒಣಗಿಸುತ್ತಾಳೆ. ಒಡೆದ ದೋಣಿಯ ಹಲಗೆ, ಮೀನಿನ ಪೆಟ್ಟಿಗೆ, ಕಲ್ಲು ಸೇರಿಸಿ ಪುಟ್ಟ ಮನೆಗಳನ್ನು ಮಾಡಿ, ಒಳಗೆ ಪಾಚಿಯ ಹಾಸಿಗೆ ಹಾಸುತ್ತಾಳೆ. ಅವಳು ಚಿಕ್ಕವಳಿದ್ದಾಗ ನೂರಾರು ಬರುತ್ತಿದ್ದವು. ಈ ವರ್ಷ ಹತ್ತೊಂಬತ್ತು. ರಜಾಯಿಯ ಆಸೆ ಅವಳು ಬಿಟ್ಟು ಬಹಳ ಕಾಲವಾಯಿತು. ಈಗ ಉಳಿದಿರುವುದು ಒಂದೇ ಹಟ: ಬರುವುದು ನಿಲ್ಲಬಾರದು.

ಹತ್ತೊಂಬತ್ತರಲ್ಲಿ ಒಂದಕ್ಕೆ ಅವಳು ಯಜಮಾನಿ ಎನ್ನುತ್ತಿದ್ದಳು. ಹನ್ನೊಂದು ವರ್ಷದಿಂದ ಮನೆಯ ಮೆಟ್ಟಿಲ ಕೆಳಗೇ ಅದರ ಗೂಡು. ಸುತ್ತಲಿನ ಗೂಡುಗಳಲ್ಲಿ ಕೂತವೆಲ್ಲ ಅದರ ಹೆಣ್ಣುಮಕ್ಕಳು. ತಾಯಿ ಬಂದಲ್ಲಿಗೆ ಮಗಳು ಬರುತ್ತಾಳೆ. ತಾಯಿ ದ್ವೀಪ ಬಿಟ್ಟರೆ ಒಂದು ವಂಶವೇ ಬಿಡುತ್ತದೆ.

ಇನ್ನು ನಾನು. ಹೆಸರು ಇಂಗ್ವೆ, ವಯಸ್ಸು ಇಪ್ಪತ್ತಾರು. ನಗುವುದು ಹೇಗೆಂದು ಮೂರು ವರ್ಷ ಪ್ರವಾಸೋದ್ಯಮದ ಕಾಲೇಜಿನಲ್ಲಿ ಕಲಿತು, ದೊಡ್ಡೂರಿನ ಒಂದು ದೋಣಿ ಕಂಪನಿಯಲ್ಲಿ ಆ ನಗುವಿಗೆ ಸಂಬಳ ತೆಗೆದುಕೊಳ್ಳುತ್ತಿರುವವನು. ಕಂಪನಿಯ ಕರಪತ್ರ ಬರೆದವನೂ ನಾನೇ: "ಬನ್ನಿ, ಕಾಲ ನಿಂತುಹೋದ ದ್ವೀಪಕ್ಕೆ! ಪ್ರಕೃತಿ, ಇತಿಹಾಸ, ಬೇಸಿಗೆಯ ಬದುಕು!" ಅತ್ತೆ ಅದನ್ನು ಭೂತಗನ್ನಡಿ ಹಿಡಿದು ಓದಿ, "ಕಾಲ ನಿಂತಿದ್ಯಂತಾ? ನನ್ನ ಮಂಡೀನ ಕೇಳು, ಹೇಳುತ್ತೆ," ಎಂದಿದ್ದಳು. ಆದರೂ, ತಮ್ಮನ ಮಗನ ಹೊಟ್ಟೆಪಾಡೆಂದು, ಹಬ್ಬ ಕಳೆದು ಹಕ್ಕಿ ಹೋದ ಮೇಲೆ ಜನರನ್ನು ಕರೆತರಬಹುದು ಎಂದು ಒಪ್ಪಿದ್ದಳು. ಒಪ್ಪಂದ ಅಷ್ಟೆ. ಒಂದೇ ವಾಕ್ಯ. ಮಗುವಿಗೂ ಅರ್ಥವಾಗುವಂಥದು.

ಜೂನ್ ಮೊದಲ ವಾರ ನಮ್ಮ ಧಣಿ ರೂನಾರ್ ಮೇಜಿನ ಹತ್ತಿರ ಬಂದ.

"ಏಳನೇ ತಾರೀಕು ಒಂಬತ್ತು ಜನ ಜರ್ಮನ್ನರು. ಸ್ಕಾರ್ವೊಯ್ ಬೇಕಂತೆ."

"ಹಬ್ಬ ಆದ್ಮೇಲೆ ಅಂತ ಮಾತಾಗಿತ್ತಲ್ಲ?"

"ಅಲ್ಲ ಕಣೋ, ಹಬ್ಬ ಆದ್ಮೇಲೆ ಬಾತೇ ಇರಲ್ಲ. ಖಾಲಿ ಗೂಡು ತೋರ್ಸಿ ಏನಂತೀಯ, ಮನೆಯವರು ಹೊರಗೆ ಹೋಗಿದಾರೆ ಅಂತೀಯಾ? ಅರ್ಧ ಗಂಟೆ. ದೂರದಿಂದ. ನಿಮ್ಮತ್ತೆ ತಾನೆ, ನೀನೇ ಹೇಳ್ಕೋ."

ನಾನು "ಸರಿ" ಅಂದೆ. ರೂನಾರ್ ಮೇಲೆ ನನಗಿರುವ ಸಿಟ್ಟನ್ನು ದೋಣಿಗೆ ತುಂಬಿದರೆ ದೋಣಿ ಮುಳುಗುತ್ತದೆ. ಆದರೆ ಆ "ಸರಿ" ಬಂದದ್ದು ನನ್ನ ಬಾಯಿಂದ. ಅತ್ತೆಗೆ ಫೋನನ್ನೂ ಮಾಡಲಿಲ್ಲ. ಕಾವಿನ ದಿನಗಳಲ್ಲಿ ಅವಳು ಫೋನನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಡುತ್ತಾಳೆ, ಮಾಡಿ ಏನು ಉಪಯೋಗ ಎಂದುಕೊಂಡೆ. ಪತ್ರ ಕಳಿಸಬಹುದಿತ್ತು. ಹೇಡಿಗೆ ನೆಪಗಳ ಬರವೇ?

ಏಳನೇ ತಾರೀಕು ಗಾಳಿ ಚಳಿಯಾಗಿತ್ತು. ದೋಣಿಯಲ್ಲಿ ಆ ಒಂಬತ್ತು ಜನರಿಗೆ ಅರ್ಧ ತಾಸು ಪಾಠ ಮಾಡಿದೆ. ಮಾತಾಡಬೇಡಿ, ಕೈ ಬೀಸಬೇಡಿ, ಕೆಂಪು, ಹಳದಿ, ಕಿತ್ತಳೆ ಬಣ್ಣದ್ದು ಏನಿದ್ದರೂ ಚೀಲದೊಳಗಿಡಿ. ಪಾಪ, ಎಷ್ಟು ವಿಧೇಯರು! ಒಬ್ಬಾಕೆ ಕೆಂಪು ಟೋಪಿಯನ್ನು ಚೀಲಕ್ಕೆ ತುರುಕಿದಳು. ಒಬ್ಬಾತ ಹಳದಿ ಬೂಟು ಬಿಚ್ಚಿ ಕಾಲುಚೀಲದಲ್ಲೇ ನಿಂತ. ಗೆರ್ಲಿಂಡೆ ಎಂಬ ನಿವೃತ್ತ ಟೀಚರು ತನ್ನ ಹೊಳೆಯುವ ಬಳೆಯನ್ನು ತಾನಾಗಿಯೇ ಕಳಚಿದರು. ಎಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತಾ ಉತ್ತರದ ದಡಕ್ಕೆ ಬಂದು, ಅತ್ತೆಯ ಮನೆಗೆ ಇಪ್ಪತ್ತು ಹೆಜ್ಜೆ ದೂರದ ಕಲ್ಲುಗೋಡೆಯ ಹಿಂದೆ ಎಲ್ಲರನ್ನೂ ಕೂರಿಸಿದೆ. ಒಬ್ಬರೂ ಕೆಮ್ಮಲಿಲ್ಲ. ಹಕ್ಕಿ ಕಾಯುವ ಮನೆಯ ಮೊಮ್ಮಗನಲ್ಲವೇ ನಾನು, ಎದೆ ಉಬ್ಬಿತು. ಯಜಮಾನಿಯನ್ನು ತೋರಿಸೋಣವೆಂದು ಗೋಡೆಯ ಮೇಲೆ ನಿಂತು ಕೈ ಚಾಚಿದೆ.

ನನ್ನ ತೋಳು ಕಿತ್ತಳೆ ಬಣ್ಣದ್ದಾಗಿತ್ತು.

ಹಿಂದಿನ ಸೋಮವಾರ ಕಂಪನಿ ಕೊಟ್ಟ ಹೊಸ ಜಾಕೆಟ್ಟು. ಚಳಿಗೆಂದು ದೋಣಿಯಲ್ಲಿ ಏರಿಸಿಕೊಂಡವನು ಮರೆತೇಬಿಟ್ಟಿದ್ದೆ. ಬೆನ್ನ ಮೇಲೆ ಬಿಳಿ ಅಕ್ಷರದಲ್ಲಿ "ಕಡಲ ಸಾಹಸ" ಎಂದು ಬೇರೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಮೊದಲು ಹಾರಿದ್ದು ಯಜಮಾನಿ. ಒದ್ದೆ ಕಂಬಳಿ ಕೊಡವಿದಂಥ ಸದ್ದು, ಅಷ್ಟೆ. ಹಿಂದೆಯೇ ಇನ್ನೊಂದು, ಮತ್ತೊಂದು, ಒಟ್ಟು ಏಳು. ಹೆದರಿ ಹಾರುವ ಬಾತು ಮೊಟ್ಟೆಗಳ ಮೇಲೆ ಹಸಿರು ಹೊಲಸು ಚಿಮ್ಮಿಸಿ ಹೋಗುತ್ತದೆ. ಆ ನಾತ ಗೋಡೆಯವರೆಗೂ ಬಂತು. ಛಾವಣಿಯ ಮೇಲೆ ಆಗಲೇ ಮೊಟ್ಟೆ ಕದಿಯುವ ಕರಿಬೆನ್ನಿನ ಕಡಲಕಾಗೆ ಬಂದು ಕುಳಿತು ಕತ್ತು ಓರೆ ಮಾಡಿತ್ತು.

ಅತ್ತೆ ಹೊರಗೆ ಬಂದಳು. ಓಡಲಿಲ್ಲ. ಓಡಿ ಬಂದಿದ್ದರೆ ಚೆನ್ನಾಗಿತ್ತು. ದಿನವೂ ನಡೆಯುವ ಅದೇ ನಡಿಗೆಯಲ್ಲಿ, ಒಂದೊಂದು ಖಾಲಿ ಗೂಡಿನ ಹತ್ತಿರವೂ ಬಗ್ಗಿ, ಮೊಟ್ಟೆಗಳ ಮೇಲೆ ತುಪ್ಪುಳು ಎಳೆದು ಮುಚ್ಚುತ್ತಾ ಬಂದು ನನ್ನ ಮೂಗಿಗೆ ಒಂದು ಗೇಣು ದೂರ ನಿಂತಳು.

"ಬಿಚ್ಚು."

"ಅತ್ತೆ, ನಾನು..."

"ಬಿಚ್ಚು ಅಂದೆ. ಹಳದಿ ಹಾಕ್ಕೊಂಡು ಬಂದೋನಿಗೆ ಗೊತ್ತಿರ್ಲಿಲ್ಲ, ಪೇಟೆಯವನು. ನಿನಗೇನಾಗಿತ್ತೋ? ಈ ಮೆಟ್ಟಿಲ ಮೇಲೆ ಕೂತು ಹಾಲುಹಲ್ಲು ಉದುರಿಸ್ಕೊಂಡೋನು ನೀನು. ಮೂರು ವರ್ಷದಲ್ಲಿ ಅಳು ಬಂದ್ರೆ ಹಕ್ಕಿ ಮಲಗಿದೆ ಅಂತ ಬಾಯಿಗೆ ಕೈ ಅಡ್ಡ ಇಟ್ಕೊಳ್ತಿದ್ದೆ. ಮೂರು ವರ್ಷಕ್ಕಿದ್ದ ಬುದ್ಧಿ ಈಗ ಎಲ್ಲಿಟ್ಟಿದೀಯ? ಆ ಜೇಬಲ್ಲಿದ್ಯಾ, ನೋಡು."

ನನ್ನ ಹಿಂದೆ ಬೂಟು ಬಿಚ್ಚಿದಾತ ಮೆಲ್ಲಗೆ, "ಇದೂ ಕಾರ್ಯಕ್ರಮದ ಭಾಗವೇ?" ಎಂದ.

"ಬಾಯಿ ಮುಚ್ರೀ," ಎಂದರು ಗೆರ್ಲಿಂಡೆ, ಅವರೂ ಪಿಸುಗುಟ್ಟಿಯೇ. ಆಮೇಲೆ ನನಗೆ, "ನಿಮ್ಮ ಜಾಕೆಟ್ಟನ್ನ ಆಗಲೇ ನೋಡಿದ್ವಿ. ಹಕ್ಕಿಗಳಿಗೆ ನಿಮ್ಮ ಪರಿಚಯ ಇರಬಹುದು ಅಂದ್ಕೊಂಡ್ವಿ."

ಆ ಮಾತಿಗಿಂತ ಅತ್ತೆಯ ಬೈಗುಳವೇ ಮೆತ್ತಗಿತ್ತು.

ಅತ್ತೆ ಜಾಕೆಟ್ಟನ್ನು ಸುತ್ತಿ ಕಲ್ಲಿನ ಅಡಿಗೆ ಒತ್ತಿದಳು. ನಾವು ಹತ್ತು ಜನ ಒದ್ದೆ ನೆಲದಲ್ಲಿ ಎರಡು ತಾಸು ಅಲುಗದೆ ಕೂತೆವು. ಅವಳು ಖಾಲಿ ಗೂಡುಗಳ ನಡುವೆ ಬೆದರುಬೊಂಬೆಯಂತೆ ನಿಂತು ಕಡಲಕಾಗೆಯನ್ನು ಬರೀ ಕಣ್ಣಿನಲ್ಲಿ ತಡೆದಳು. ಒಂದೊಂದಾಗಿ ಐದು ಹಕ್ಕಿಗಳು ನೀರಿನಿಂದ ಎದ್ದು, ಅನುಮಾನಿಸುತ್ತಾ ಗೂಡಿಗೆ ಬಂದವು. ಯಜಮಾನಿ ಬರಲಿಲ್ಲ. ಕಿಟಕಿಯ ಕೆಳಗಿನ ಅದರ ಮಗಳೂ ಬರಲಿಲ್ಲ. ಕೊನೆಗೆ ಅತ್ತೆ ಎರಡೂ ಗೂಡಿನ ಮೊಟ್ಟೆಗಳನ್ನು ಸ್ವೆಟರಿನೊಳಗೆ ಹೊಟ್ಟೆಗಾನಿಸಿಕೊಂಡು, ಉಳಿದ ಹಕ್ಕಿಗಳ ಅಡಿಗೆ ಒಂದೊಂದಾಗಿ ಸೇರಿಸಿದಳು. ಯಜಮಾನಿಯ ಗೂಡಿನ ಮುಂದೆ ಬಹಳ ಹೊತ್ತು ಮಂಡಿಯೂರಿದ್ದಳು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಮಾರನೆಯ ದಿನ ರೂನಾರ್ ಕುಣಿಯುತ್ತಿದ್ದ. ಬೂಟಿನವನು ಕಂಪನಿಯ ಪುಟದಲ್ಲಿ ಐದು ನಕ್ಷತ್ರ ಕೊಟ್ಟು, "ಮರೆಯಲಾಗದ ಮೌನ" ಎಂದು ಬರೆದಿದ್ದ.

"ನಿಮ್ಮತ್ತೆ ಭಾರೀ ಕಣೋ! ಪಿಸುಗುಟ್ಟೋ ಮುದುಕಿ! ಮುಂದಿನ ಮೇನಲ್ಲಿ ವಾರಕ್ಕೆ ಮೂರು ಸಲ ಇಡೋಣ. 'ಮೌನ ಯಾತ್ರೆ.' ಕರಪತ್ರ ನೀನೇ ಬರಿ."

"ಎರಡು ಹಕ್ಕಿ ಗೂಡು ಬಿಟ್ಟಿವೆ, ರೂನಾರ್."

"ಕಡಲಲ್ಲಿ ಹಕ್ಕಿಗೇನು ಬರವಾ?"

ಆಗ ನಾನು ಕೆಲಸವನ್ನು ಅವನ ಮುಖಕ್ಕೆ ಬಿಸಾಕಿ ಬಂದೆ ಎಂದು ಬರೆಯಲು ಕೈ ತುರಿಸುತ್ತಿದೆ. ಬಿಸಾಕಲಿಲ್ಲ. ಹಲ್ಲು ಕಚ್ಚಿಕೊಂಡು ಹೇಳಿದ್ದು ಇಷ್ಟೇ: "ಅತ್ತೆನ ನೀನೇ ಖುದ್ದಾಗಿ ಕೇಳು. ಹಬ್ಬ ಆದ್ಮೇಲೆ ಹೋಗೋಣ."

ಹಬ್ಬ ಆದ ಮೇಲೆ ಎಂದು ಯಾಕೆ ಹೇಳಿದೆನೆಂಬುದು ಅವನಿಗೆ ಹೊಳೆಯಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಏಕೈಕ ಪಿತೂರಿ ಅದು.

ಜೂನ್ ಇಪ್ಪತ್ತಾರಕ್ಕೆ ಹೋದೆವು. ಕೊನೆಯ ಬಾತು ತನ್ನ ಮರಿಗಳನ್ನು ನೀರಿಗೆ ಇಳಿಸುವ ದಿನ. ಅತ್ತೆ ಎಂದಿನಂತೆ ಪಕ್ಕದಲ್ಲೇ ನಡೆಯುತ್ತಾ, ಮೇಲಿನಿಂದ ಕಡಲಕಾಗೆ ಎರಗದಂತೆ ಲಂಗವನ್ನು ಅಡ್ಡ ಹಿಡಿದಿದ್ದಳು. ಐದು ಮರಿ, ಅವುಗಳಲ್ಲಿ ಯಜಮಾನಿಯ ಮೊಟ್ಟೆಯದು ಯಾವುದೋ, ಯಾವುದೂ ಇಲ್ಲವೋ. ರೂನಾರ್ ದಡದಲ್ಲಿ ಕಿತ್ತಳೆ ಜಾಕೆಟ್ಟು ತೊಟ್ಟು, ಸಹಿ ಹಾಕಿಸುವ ಕಾಗದ ಹಿಡಿದು ನಿಂತಿದ್ದ. ಮರ್ಯಾದೆಗೆಂದು ಅವನೂ ದನಿ ತಗ್ಗಿಸಿ, "ಮಾಗ್ನಿಯವರೇ, ಹೇಗಿದ್ದೀರಿ?" ಎಂದು ಪಿಸುಗುಟ್ಟಿದ.

ಅತ್ತೆ ಬಾತು ಮತ್ತು ಮರಿಗಳು ಹೊರಗಿನ ಬಂಡೆಯ ಆಚೆ ಮರೆಯಾಗುವವರೆಗೆ ನೋಡಿದಳು. ಬೂದು ಸ್ವೆಟರು ಬಿಚ್ಚಿದಳು. ಏಳು ವಾರ ಖಾಲಿಯಿದ್ದ ಹಗ್ಗದ ಮೇಲೆ ಅದನ್ನು ಎಸೆದು, ಎರಡು ಕ್ಲಿಪ್ಪು ಹಾಕಿದಳು. ಆಮೇಲೆ ತಿರುಗಿದಳು.

"ಏಯ್!"

ಆ ಒಂದು ಸದ್ದಿಗೆ ಛಾವಣಿಯ ಕಡಲಕಾಗೆ ಹಾರಿಹೋಯಿತು. ರೂನಾರ್ ಒಂದು ಹೆಜ್ಜೆ ಹಿಂದಿಟ್ಟ.

"ಹನ್ನೊಂದು ವರ್ಷ ನನ್ನ ಮೆಟ್ಟಿಲ ಕೆಳಗೆ ಬಂದವಳು ಮೊಟ್ಟೆ ಬಿಟ್ಟು ಓಡಿದ್ದಾಳೆ! ಅದನ್ನ ಮೌನ ಅಂತ ಮಾರ್ತೀಯೇನೋ? ಊರು ಖಾಲಿ ಮಾಡ್ಸಿ ಇತಿಹಾಸ ಅಂದ್ರಿ, ಈಗ ಹಕ್ಕಿ ಖಾಲಿ ಮಾಡ್ಸಿ ಪ್ರಕೃತಿ ಅಂತೀರಾ? ನನ್ನನ್ನೂ ಒಣಗಿಸಿ ಮೊಳೆ ಹೊಡೆದು ನೇತುಹಾಕು, ಬೇಸಿಗೆ ಬದುಕು ಅಂತ! ಮುಂದಿನ ಮೇನಲ್ಲಿ ನಿನ್ನ ದೋಣಿ ಆ ಬಂಡೆ ದಾಟಿ ಈಚೆ ಬರ್ಲಿ, ಮೀನಿನ ಮುಳ್ಳು ತೆಗೆದ ಕೈ ಇದು, ಮರ್ತಿಲ್ಲ!"

ಇದು ಬರೀ ಪಲ್ಲವಿ. ಉಳಿದದ್ದನ್ನು ಅಚ್ಚು ಮಾಡಲಾಗುವುದಿಲ್ಲ. ರೂನಾರ್ ಹಿಂದೆ ಹಿಂದೆ ಸರಿಯುತ್ತಾ ದೋಣಿಯೊಳಗೆ ಕೂತುಬಿಟ್ಟ. ಕಾಗದ ನೀರಿನಲ್ಲಿ ತೇಲುತ್ತಿತ್ತು. ನನಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು.

"ನೀನೇನು ಹಲ್ಕಿರೀತೀಯ? ಮಾರ್ಚ್ ಒಂದಕ್ಕೆ ಇಲ್ಲಿರ್ಬೇಕು. ಪಾಚಿ ಬಾಚೋಕೆ, ಒಣಗ್ಸೋಕೆ, ಮೆಟ್ಟಿಲ ಕೆಳಗೆ ಹಾಸೋಕೆ. ನಿಮ್ಮಪ್ಪ ಇಲ್ಲಿಗೆ ಬರುವಾಗ ಹಾಕ್ಕೊಳ್ತಿದ್ದ ಹಳೇ ಕೋಟು ಹಾಕ್ಕೊಂಡು ಬಾ. ಯಜಮಾನಿ ಬಂದ್ರೆ ಆ ಕೋಟಿನ ಗುರ್ತು ಇರುತ್ತೆ ಅವಳಿಗೆ."

"ಬರ್ಲಿಲ್ಲ ಅಂದ್ರೆ, ಅತ್ತೆ?"

ಅವಳು ಬಾಯಿ ತೆರೆದಳು. ದ್ವೀಪದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಎಷ್ಟು ಬೇಕಾದರೂ ಕೂಗಬಹುದಿತ್ತು.

"ಬರ್ಲಿಲ್ಲ ಅಂದ್ರೆ," ಎಂದು ಪಿಸುಗುಟ್ಟಿದಳು, "ನೀನೂ ಬರ್ಬೇಡ."

ಅಪ್ಪನ ಕೋಟು ಈಗ ನನ್ನ ಕೋಣೆಯ ಬಾಗಿಲ ಹಿಂದೆ ನೇತಾಡುತ್ತಿದೆ. ಕುರಿ, ಡೀಸೆಲ್ಲು, ಮೀನೆಣ್ಣೆ ಎಲ್ಲ ಸೇರಿದ ನಾತ. ಒಗೆಸಿಲ್ಲ.